ಪಹಣಿಯಲ್ಲಿಲ್ಲದ ರೈತ

2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯಿಂದ ರೈತ ಕುಟುಂಬಕ್ಕೆ ವರ್ಷಕ್ಕೆ 6000 ರೂಪಾಯಿ, ಮೂರು ಕಂತುಗಳಲ್ಲಿ. ದೊಡ್ಡ ಮೊತ್ತವೇನಲ್ಲ, ಆದರೂ ಬಿತ್ತನೆಯ ಕಾಲಕ್ಕೆ ಕೈಸೇರಿದರೆ ಒಂದು ಮೂಟೆ ಗೊಬ್ಬರವಾದೀತು. ಹಣ ನೇರವಾಗಿ ಬ್ಯಾಂಕಿಗೆ ಬರುವುದು ಮೆಚ್ಚತಕ್ಕ ವಿಷಯವೇ.

ಆದರೆ ಅದು ಬರುವುದು ಪಹಣಿಯಲ್ಲಿ ಹೆಸರುಳ್ಳವರಿಗೆ. ನಮ್ಮ ತಂದೆಯವರು ಉಳುವುದು ಪರರ ಹೊಲ, ಗೇಣಿಗೆ. ಒಡೆಯರು ಪಟ್ಟಣದಲ್ಲಿದ್ದಾರೆ. ಕಂತು ಅವರಿಗೆ, ಮಳೆಯ ಚಿಂತೆ ನಮಗೆ. ಉಳುವವನಿಗೆ ಹೊಲ ಕೊಡಿಸಿದ ನಮ್ಮ ರಾಜ್ಯದ 1974ರ ಭೂಸುಧಾರಣೆಯೇ ಹೊಸ ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿತು. ಗೇಣಿ ಅಳಿಯಲಿಲ್ಲ, ಬಾಯಿಮಾತಾಗಿ ಉಳಿಯಿತು. ಕಾಗದ ಕೇಳಿದರೆ ಹೊಲವೇ ಕೈತಪ್ಪೀತೆಂದು ತಂದೆಯವರು ಸುಮ್ಮನಿದ್ದಾರೆ.

ಒಡೆಯರು ಸಜ್ಜನರು, ಕಾನೂನೂ ಸದುದ್ದೇಶದ್ದು. ಹಾಗಾದರೆ ರೈತನೆಂದರೆ ಹೊಲವುಳ್ಳವನೋ, ಉಳುವವನೋ? ಅರ್ಥಶಾಸ್ತ್ರದ ಗೆಳೆಯರು ಉತ್ತರ ಹೇಳಬೇಕು.