ಹೊಳೆ ದಾಟುವ ಬಂಡಿ

ದೇವದುರ್ಗದಿಂದ ಪಶ್ಚಿಮಕ್ಕೆ ಹೊರಟ ಹೆದ್ದಾರಿಯು ಜಾಲಹಳ್ಳಿಯನ್ನು ಹಾದು ತಿಂಥಣಿ ಸೇತುವೆಯ ಬಳಿ ಕೃಷ್ಣೆಯನ್ನು ಸೇರುತ್ತದೆ. ಆಚೆಯ ದಡದಲ್ಲಿ ತಿಂಥಣಿ ಮೌನೇಶ್ವರರ ಸನ್ನಿಧಿ. ಹೊಳೆಯ ಗುಂಟ ಕೆಳಗೆ ಸಾಗಿದರೆ ಗೂಗಲ್ಲಿನ ಅಲ್ಲಮಪ್ರಭುಗಳ ಗುಡಿ. ಇನ್ನೂ ಕೆಳಗೆ, ರಾಯಚೂರು ತಾಲ್ಲೂಕಿನಲ್ಲಿ, ನಡುಹೊಳೆಯ ನಾರದಗಡ್ಡೆಯಲ್ಲಿ ಚನ್ನಬಸವೇಶ್ವರರ ಕ್ಷೇತ್ರ. ಈ ಸೀಮೆಯ ಭಕ್ತರಿಗೆ ಯಾತ್ರೆಯೆಂದರೆ ಅರ್ಧ ನೆಲ, ಅರ್ಧ ನೀರು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬಂದ ವ್ಯಾನು ದಡದಲ್ಲಿ ನಿಲ್ಲದೆ ಹಾಗೆಯೇ ಹೊಳೆಗಿಳಿದು ಆಚೆ ಏರುವಂತಿದ್ದರೆ ಎಷ್ಟು ಚೆಂದ ಎಂಬ ಯೋಚನೆ ಇಲ್ಲಿ ನಿಂತವರಿಗೆ ಬಾರದಿರದು.

ಆದರೆ ಮಳೆಗಾಲದ ಕೃಷ್ಣೆಯ ಮುಂದೆ ಈ ಯೋಚನೆ ಆಟದ ಮಾತಾಗಿ ಉಳಿಯುವುದಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ನಾರಾಯಣಪುರದ ಬಸವಸಾಗರದಿಂದ ಹರಿದು ಬಂದ ಮಹಾಪೂರದಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. ಅದೇ ದಿನಗಳಲ್ಲಿ ಹಿರೇರಾಯನಕುಂಪಿಯ ಬಳಿ ಒಂದು ಆಂಬುಲೆನ್ಸ್ ವ್ಯಾನು ನೀರಿನೆದುರು ಬಂದು ನಿಂತಿತು. ಒಳಗೆ ಒಬ್ಬ ಹೆಣ್ಣುಮಗಳ ಪಾರ್ಥಿವ ಶರೀರ, ಜೊತೆಗೆ ಮಕ್ಕಳು. ರಸ್ತೆ ಎಲ್ಲಿದೆ, ಹೊಳೆ ಎಲ್ಲಿದೆ ಎಂಬುದು ಚಾಲಕನಿಗೆ ಕಾಣದು. ಆಗ ಅಲ್ಲಿಯೇ ಇದ್ದ ಹನ್ನೆರಡು ವರ್ಷದ ಬಾಲಕನೊಬ್ಬ ನೀರಿಗಿಳಿದು, ಎಡವುತ್ತ ಏಳುತ್ತ, ಮುಂದೆ ಮುಂದೆ ಓಡಿ ದಾರಿ ತೋರಿಸಿದನು. ಅವನ ಹಿಂದೆಯೇ ವ್ಯಾನು ಆಚೆ ಸೇರಿತು. ಮುಂದೆ ಆ ಬಾಲಕನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಸಂದಿತು. ಮಗುವಿನ ಧೈರ್ಯವನ್ನು ಕೊಂಡಾಡಿದವರು ಬಹಳ; ಆ ವ್ಯಾನು ಎಂಥ ಅಪಾಯದಿಂದ ಪಾರಾಯಿತೆಂಬುದನ್ನು ಲೆಕ್ಕ ಹಾಕಿದವರು ಕಡಿಮೆ.

ಆ ಲೆಕ್ಕ ಕಠಿಣವಾದುದಲ್ಲ. ಒಂದು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿದ ವಸ್ತುವನ್ನು ನೀರು ಒಂದು ಕಿಲೋದಷ್ಟು ಮೇಲೆತ್ತುತ್ತದೆ. ನಮ್ಮ ಊರುಗಳಲ್ಲಿ ಮನೆಮಾತಾದ ಮಾರುತಿ ಓಮ್ನಿ ವ್ಯಾನನ್ನೇ ತೆಗೆದುಕೊಳ್ಳಿ. 2019ರಲ್ಲಿ ಅದರ ತಯಾರಿಕೆ ನಿಂತಿದೆ. ಉದ್ದ ಸುಮಾರು 3.4 ಮೀಟರ್, ಅಗಲ 1.4 ಮೀಟರ್, ತೂಕ ಸುಮಾರು ಎಂಟು ಕ್ವಿಂಟಲ್. ಐದು ಜನ ಕುಳಿತರೆ ಹನ್ನೊಂದು ಕ್ವಿಂಟಲ್ ಎನ್ನೋಣ. ಅದರ ನೆಲಹಾಸಿನಿಂದ ಹತ್ತು ಸೆಂಟಿಮೀಟರ್ ನೀರು ಏರಿದರೆ ನಾಲ್ಕೂವರೆ ಕ್ವಿಂಟಲ್‌ಗೂ ಹೆಚ್ಚು ಭಾರ ಕಳೆಯುತ್ತದೆ. ಒಂದು ಗೇಣು ಏರಿದರೆ ಹೆಚ್ಚುಕಡಿಮೆ ಇಡೀ ವ್ಯಾನು ತೇಲುತ್ತದೆ! ಚಕ್ರಗಳು ನೆಲದ ಹಿಡಿತವನ್ನು ಅದಕ್ಕೂ ಮೊದಲೇ ಬಿಟ್ಟಿರುತ್ತವೆ. ಅಷ್ಟರಲ್ಲಿ ಬಾಗಿಲುಗಳ ಸಂದಿನಿಂದ ನೀರು ಒಳಗೆ ನುಗ್ಗತೊಡಗುತ್ತದೆ. ನೆಲವನ್ನು ಹಿಡಿಯಲಾರದಷ್ಟು ಹಗುರ, ನೀರಿನ ಮೇಲೆ ನಿಲ್ಲಲಾರದಷ್ಟು ತೂತು: ಬಂಡಿಯೂ ಅಲ್ಲದ, ದೋಣಿಯೂ ಆಗದ ಈ ಅರೆಸ್ಥಿತಿಯೇ ಹೊಳೆಗೆ ಬಲಿ ಕೊಡುವುದು.

ಇದನ್ನು ಪೂರ್ತಿ ದೋಣಿಯಾಗಿಸಲು ಹೊರಟವರೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ತಮ್ಮ ಸೈನ್ಯದ ಲಾರಿಗೆ ದೋಣಿಯ ಒಡಲನ್ನೂ ಹಿಂಬದಿಗೆ ನೀರು ತಳ್ಳುವ ಪಂಖವನ್ನೂ ಜೋಡಿಸಿ ‘ಡಕ್’ ಎಂಬ ವಾಹನಗಳನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡಿದರು. ಅದು ದೊಡ್ಡ ಕಾರ್ಖಾನೆಯ ಕೆಲಸ. 2003ರಲ್ಲಿ ಕ್ಯೂಬಾ ದೇಶದ ಹನ್ನೆರಡು ಮಂದಿ 1951ರ ಹಳೆಯ ಷೆವರ್ಲೆ ಲಾರಿಗೆ ಖಾಲಿ ಡ್ರಮ್ಮುಗಳನ್ನು ಕಟ್ಟಿ, ಚಕ್ರ ತಿರುಗಿಸುವ ದಂಡಕ್ಕೇ ಪಂಖ ಸಿಕ್ಕಿಸಿ, ಸಮುದ್ರಕ್ಕೆ ಇಳಿದುಬಿಟ್ಟರು. ಅಮೆರಿಕದ ತೀರ ಇನ್ನು ಸುಮಾರು ನಲವತ್ತು ಮೈಲಿ ಇರುವಾಗ ಕಾವಲು ಪಡೆ ಅವರನ್ನು ತಡೆದು, ಲಾರಿಯನ್ನು ಮುಳುಗಿಸಿ, ಜನರನ್ನು ಹಿಂದಕ್ಕೆ ಕಳುಹಿಸಿತು. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಬಿಹಾರದ ಮೊಹಮ್ಮದ್ ಸೈದುಲ್ಲಾ ಅವರದು. 1975ರ ನೆರೆಯನ್ನು ಕಂಡ ಅವರು ಗಾಳಿ ತುಂಬಿದ ತೇಲುಪೆಟ್ಟಿಗೆಗಳನ್ನು ಸೈಕಲ್ಲಿಗೆ ಜೋಡಿಸಿ ಹೊಳೆ ದಾಟಿದರು. ನೆಲದ ಮೇಲೆ ಪೆಟ್ಟಿಗೆಗಳನ್ನು ಮಡಚಿಡಬಹುದಿತ್ತು. 2005ರಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಅವರನ್ನು ಗೌರವಿಸಿತು.

ನಮ್ಮ ಓಮ್ನಿಗೆ ಮರಳೋಣ. ಇನ್ನೂರು ಲೀಟರಿನ ಒಂದು ಡ್ರಮ್ಮು ತನ್ನ ಭಾರ ಕಳೆದು ಸುಮಾರು 180 ಕಿಲೋ ಹೊರಬಲ್ಲದು. ಬರಿದೆ ತೇಲುವುದಕ್ಕೇ ಏಳು ಡ್ರಮ್ಮು ಬೇಕು. ಅಲೆಗೂ ಅಲುಗಾಟಕ್ಕೂ ತಡೆಯಬೇಕಾದರೆ ಅದರ ಇಮ್ಮಡಿ. ಬಾಗಿಲುಗಳನ್ನು ಬೆಸುಗೆ ಹಾಕಿ ಮುಚ್ಚಬೇಕು. ಗೇರು, ಬ್ರೇಕು ಹಾದುಹೋಗುವ ಪ್ರತಿ ರಂಧ್ರಕ್ಕೂ ರಬ್ಬರ್ ಬಿಗಿಯಬೇಕು. ಹೊಗೆಕೊಳವೆಯನ್ನು ಮಾಳಿಗೆಯವರೆಗೆ ಏರಿಸಬೇಕು. ಒಳಗೆ ಸೇರಿದ ನೀರನ್ನು ಎತ್ತಿಹಾಕಲು ಪಂಪೊಂದು ಸದಾ ಸಿದ್ಧವಿರಬೇಕು. ಎಂಜಿನ್ನಿನ ಭಾರ ಮುಂದಕ್ಕೆ ಬೀಳುವುದರಿಂದ ಮೂತಿ ಮುಳುಗದಂತೆ ಡ್ರಮ್ಮುಗಳನ್ನು ಹಂಚಬೇಕು. ಇಷ್ಟಾದರೂ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಅನುಮತಿಯಿಲ್ಲದೆ ವಾಹನದ ರೂಪ ಬದಲಿಸುವುದು ನಿಷಿದ್ಧ.

ಇಷ್ಟೆಲ್ಲ ಪಾಡನ್ನು ನೋಡಿದ ಮೇಲೆ ನಮ್ಮ ಹರಿಗೋಲಿನ ಜಾಣ್ಮೆ ಮನಸ್ಸಿಗೆ ತಟ್ಟುತ್ತದೆ. ಬಿದಿರಿನ ದೊಡ್ಡ ಬುಟ್ಟಿ. ಹಿಂದೆ ಹೊರಗೆ ಚರ್ಮದ ಹೊದಿಕೆ, ಆಮೇಲೆ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಇವುಗಳನ್ನು ಕಂಡು ಬೆರಗಾಗಿ, ಹದಿನೈದಿಪ್ಪತ್ತು ಜನರನ್ನು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆಂದು ಬರೆದಿಟ್ಟಿದ್ದಾನೆ. ತಳ ಚಪ್ಪಟೆಯಾದ್ದರಿಂದ ಕೆಲವೇ ಬೆರಳು ನೀರಿನಲ್ಲಿ ಇಳಿಯುತ್ತದೆ. ಬಂಡೆಗಳೇ ತುಂಬಿದ ಕೃಷ್ಣೆಯ ಪಾತ್ರಕ್ಕೆ ಅದು ಹೇಳಿ ಮಾಡಿಸಿದಂತಿದೆ. ನಮ್ಮ ಕಾಲದಲ್ಲಿ ಅದರೊಳಗೆ ಮೋಟಾರು ಸೈಕಲ್ಲುಗಳೂ ಏರಿ ಕುಳಿತವು. ಶರಣ ಅಂಬಿಗರ ಚೌಡಯ್ಯನವರ ಕಾಯಕದ ಬಂಧುಗಳು ಕೆಲಸ ಮುಗಿದ ಮೇಲೆ ಸಣ್ಣ ಹರಿಗೋಲನ್ನು ಕವುಚಿ ತಲೆಯ ಮೇಲೆ ಹೊತ್ತು ದಡ ಏರುತ್ತಾರೆ. ನೀರಿನಲ್ಲಿ ಅದು ಅವರನ್ನು ಹೊರುತ್ತದೆ, ನೆಲದಲ್ಲಿ ಅವರು ಅದನ್ನು ಹೊರುತ್ತಾರೆ. ಎರಡೂ ಕಡೆ ನಡೆಯುವ ವಾಹನ ಬೇರೆ ಇನ್ನೇನು?

ಆದರೆ ಪೂರ ಬಂದಾಗ ಹರಿಗೋಲೂ ದಡಕ್ಕೇರುತ್ತದೆ. ಅಂಬಿಗನು ಆ ಹೊತ್ತಿನಲ್ಲಿ ಹೊಳೆಗೆ ಇಳಿಯನು. ಆಷಾಢ, ಶ್ರಾವಣಗಳಲ್ಲಿ ಜಾಲಹಳ್ಳಿಯ ಕಡೆಯಿಂದ ಕ್ಷೇತ್ರಗಳಿಗೆ ಹೊರಡುವ ಕುಟುಂಬಗಳು ನಾರಾಯಣಪುರದಿಂದ ಎಷ್ಟು ನೀರು ಬಿಟ್ಟಿದ್ದಾರೆಂಬುದನ್ನು ಮೊದಲು ವಿಚಾರಿಸಿಕೊಳ್ಳಲಿ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ, ಅದು ಮೊಣಕಾಲಷ್ಟೇ ಇರಲಿ, ವ್ಯಾನನ್ನು ಹಿಂದಕ್ಕೆ ತಿರುಗಿಸಿ ಜಾಲಹಳ್ಳಿಯಲ್ಲೋ ದೇವದುರ್ಗದಲ್ಲೋ ರಾತ್ರಿ ತಂಗುವುದು ಲೇಸು.