ಬೆಟ್ಟದ ಏರಿನಲ್ಲಿ ಉಸಿರಿನ ಜೊತೆಗೆ

ಮೈಸೂರಿನ ದೊಡ್ಡ ಗಡಿಯಾರದಿಂದ ಹೊರಟು, ಹಾರ್ಡಿಂಜ್ ವೃತ್ತ ದಾಟಿ, ರೇಸ್ ಕೋರ್ಸ್ ಬದಿಯಿಂದ ಬೆಟ್ಟದ ಬುಡದ ತಾವರೆಕಟ್ಟೆ ಮುಟ್ಟುವವರೆಗೆ ರಸ್ತೆಯಲ್ಲಿ ಏರಿಳಿತ ಹೆಚ್ಚಿಲ್ಲ. ಉಸಿರು ಇದೆಯೆಂಬುದೇ ಸೈಕಲ್ ಮೇಲಿದ್ದವರಿಗೆ ನೆನಪಾಗುವುದಿಲ್ಲ. ಚಾಮುಂಡಿ ಬೆಟ್ಟದ ಏರು ಶುರುವಾದರೆ ಮಾತು ಬೇರೆ. ಮೊದಲು ಮೂಗಿನಲ್ಲಿ ಸದ್ದು, ಆಮೇಲೆ ಪಕ್ಕೆಲುಬಿನಲ್ಲಿ ಬಿಗಿ, ಕೊನೆಗೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಉಸಿರಿನ ಧ್ಯಾನಕ್ಕೆ ಚಾಪೆ, ಸದ್ದಿಲ್ಲದ ಕೋಣೆ ಬೇಕೇ ಬೇಕು ಎನ್ನುವವರಿಗೆ ನಾನು ಈ ದಾರಿಯನ್ನು ತೋರಿಸುತ್ತೇನೆ. ಕೂತಾಗ ಉಸಿರು ತೀರ ಸೂಕ್ಷ್ಮ, ಮನಸ್ಸು ಅದರಿಂದ ಸಲೀಸಾಗಿ ಜಾರುತ್ತದೆ. ಪೆಡಲ್ ತುಳಿಯುವಾಗ ಅದನ್ನು ಮರೆಯುವುದೇ ಕಷ್ಟ.

ಆದರೆ ಗಮನಿಸುವುದೆಂದರೆ ಹಿಡಿದು ನಿಲ್ಲಿಸುವುದಲ್ಲ. ಪಾಲಿ ಭಾಷೆಯ ಬೌದ್ಧ ಉಪದೇಶವಾದ ಆನಾಪಾನಸತಿ ಸುತ್ತವೂ ದೀರ್ಘ ಉಸಿರನ್ನು ದೀರ್ಘವೆಂದು, ಗಿಡ್ಡ ಉಸಿರನ್ನು ಗಿಡ್ಡವೆಂದು ತಿಳಿಯುವುದರಿಂದಲೇ ಆರಂಭಿಸುತ್ತದೆ. ಏರಿನಲ್ಲಿ ಉಸಿರನ್ನು ಹಿಡಿಯದಿರಲು ದೇಹದ ಕಾರಣವೂ ಇದೆ. ದುಡಿಯುವ ತೊಡೆಗಳು ಇಂಗಾಲದ ಡೈಆಕ್ಸೈಡನ್ನು ರಕ್ತಕ್ಕೆ ಸುರಿಯುತ್ತವೆ, ಅದನ್ನು ಹೊರಹಾಕಲು ಮೆದುಳು ಉಸಿರಿನ ವೇಗ ಏರಿಸುತ್ತದೆ. ಆಗ ಬಲವಂತದಿಂದ ನಿಧಾನ ಮಾಡಹೊರಟರೆ ಏದುಸಿರೇ ಗತಿ. ತಿದ್ದಬೇಕಾದ್ದು ಉಸಿರನ್ನಲ್ಲ, ಗೇರನ್ನು. ಬೆಟ್ಟದ ಮೇಲಿನ ನಂದಿ ವಿಗ್ರಹದ ಕಡೆಗೆ ಕವಲೊಡೆಯುವ ತಿರುವು ಬರುವ ಮೊದಲೇ ಗೇರ್ ಇಳಿಸಿ, ಕಾಲು ಹಗುರಾಗಿ ತಿರುಗಲು ಬಿಟ್ಟರೆ, ಸ್ವಲ್ಪ ಹೊತ್ತಿಗೆ ಉಸಿರು ತಾನೇ ಹದಕ್ಕೆ ಬರುತ್ತದೆ. ಒಂದು ಇಡೀ ವಾಕ್ಯವನ್ನು ತಡೆಯದೆ ಆಡಲಾದರೆ ಹದ ಸರಿಯಾಗಿದೆಯೆಂದು ಲೆಕ್ಕ.

ವಾಹನಗಳ ಹೊಗೆ ಕುಡಿಯುವುದನ್ನೇ ಧ್ಯಾನ ಎನ್ನುತ್ತೀರಾ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಶ್ರಮಪಡುವವರು ಒಂದು ನಿಮಿಷಕ್ಕೆ ಒಳಗೆಳೆಯುವ ಗಾಳಿ, ಸುಮ್ಮನೆ ಕೂತವರಿಗಿಂತ ಹಲವು ಪಟ್ಟು. ಮೂಗು ದಪ್ಪ ಧೂಳನ್ನು ತಡೆದೀತು, ಡೀಸೆಲ್ ಹೊಗೆಯ ಅತಿಸಣ್ಣ ಕಣಗಳನ್ನೆಲ್ಲ ತಡೆಯದು. ಆದರೂ ಉಸಿರಿನ ಮೇಲೆ ನಿಗಾ ಇದ್ದವರಿಗೇ ಗಾಳಿಯ ಕೆಡುಕು ಬೇಗ ತಿಳಿಯುವುದು: ಬೆಟ್ಟದ ಬಸ್ಸು ಮುಂದೆ ಹೋದಾಗ ಅದರ ಬೆನ್ನಿಗೆ ಬೀಳದೆ ಹಿಂದೆ ಉಳಿಯುವುದು, ಬೆಳಗಿನ ಹೊತ್ತನ್ನೂ ಒಳರಸ್ತೆಗಳನ್ನೂ ಆರಿಸಿಕೊಳ್ಳುವುದು ಅವರಿಗೆ ಸಹಜವಾಗುತ್ತದೆ.

ಒಳಗೆ ಗಮನ ಕೊಟ್ಟರೆ ರಸ್ತೆಯಲ್ಲಿ ಎಚ್ಚರ ತಪ್ಪುವುದಿಲ್ಲವೇ? ಕಣ್ಣು ಅರೆಮುಚ್ಚಿ, ಉಸಿರಿನ ಎಣಿಕೆಯಲ್ಲಿ ಮುಳುಗಿದರೆ ಖಂಡಿತ ತಪ್ಪುತ್ತದೆ. ಹಾಗಾಗಿ ಎಣಿಕೆ ಬೇಡವೆಂದೇ ನನ್ನ ವಾದ. ಕಣ್ಣು, ಕಿವಿ ರಸ್ತೆಗೆ, ಉಸಿರಿಗೆ ಉಳಿದ ಗಮನ ಮಾತ್ರ. ವೃತ್ತಗಳಲ್ಲಿ, ಓವರ್‌ಟೇಕ್ ಮಾಡುವ ವಾಹನಗಳ ನಡುವೆ ಅದನ್ನೂ ಬಿಟ್ಟುಬಿಡಬೇಕು. ನಗರಕ್ಕಿಂತ ಸುಮಾರು 300 ಮೀಟರ್ ಎತ್ತರದಿಂದ ಇಳಿಯುವಾಗಲಂತೂ ಬೆರಳುಗಳು ಬ್ರೇಕಿನ ಮೇಲೆ, ನೋಟ ಮುಂದಿನ ತಿರುವಿನ ಮೇಲೆ. ಅಭ್ಯಾಸ ಮತ್ತೆ ಶುರು ಮಾಡಲು ತಾವರೆಕಟ್ಟೆಯವರೆಗೆ ಕಾಯಬಹುದು.