ಮೂವತ್ತೂವರೆ ಮಿಲಿಮೀಟರ್

ಆ ವಾಚಿನ ಮಿಷನ್ನು ಗಟ್ಟಿಮುಟ್ಟಾಗಿತ್ತು, ಹೋಗಿದ್ದು ಗ್ಲಾಸು ಮಾತ್ರ. ಮಿಷನ್ನೇ ಸತ್ತ ವಾಚನ್ನು ಇನ್ನು ಆಗುವುದಿಲ್ಲ ಎಂದು ವಾಪಸು ಕೊಟ್ಟುಬಿಡಬಹುದು. ಆದರೆ ಹೊಸ ಸೆಲ್ ಇಟ್ಟ ತಕ್ಷಣ ಸೆಕೆಂಡಿನ ಮುಳ್ಳು ಹೆಜ್ಜೆ ಹಾಕತೊಡಗಿದರೆ, ಮೇಲೆ ಮುಚ್ಚಲು ಒಂದು ಗಾಜು ಇಲ್ಲ ಎಂಬ ಕಾರಣಕ್ಕೆ ಅದನ್ನು ಡಬ್ಬಿಗೆ ಹಾಕುವುದು ಹೇಗೆ?

ತಂದವರು ಭಟ್ಕಳದ ಒಬ್ಬ ನಿವೃತ್ತ ಟೀಚರು. ಮಂಗಳೂರಿಗೆ ಮಗಳ ಮನೆಗೆ ಬಂದಿದ್ದರು. ಹಳೇ ವಾಚುಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸ ನನಗಿದೆ ಎಂದು ಯಾರೋ ಹೇಳಿದ್ದರಂತೆ. ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. ಸ್ಟೀಲಿನ ಸೀಕೊ ಕ್ವಾರ್ಟ್ಜ್. ಜೊತೆಗೆ, ಬಚ್ಚಲಿನ ಕಲ್ಲಿಗೆ ಬಿದ್ದು ಚೂರಾದ ಗ್ಲಾಸು, ಒಂದು ಚೂರೂ ಬಿಡದಂತೆ ಆರಿಸಿದ್ದು. ಯಜಮಾನರು ಕುವೈತಿನಲ್ಲಿ ದುಡಿಯುತ್ತಿದ್ದಾಗ ಕೊಂಡ ವಾಚದು. ಅವರು ತೀರಿಕೊಂಡ ಮೇಲೆ ಬೀರುವಿನಲ್ಲಿತ್ತು.

ಹಿಂದಿನ ಮುಚ್ಚಳದಲ್ಲಿ 7546 ಎಂದಿತ್ತು, ಅದು ಮಿಷನ್ನಿನ ನಂಬರು. ಕೆಳಗಿನ ಸೀರಿಯಲ್ ನಂಬರಿನ ಮೊದಲ ಅಂಕಿ 9, ಎರಡನೆಯದು 3. ಸೀಕೊದಲ್ಲಿ ಮೊದಲನೆಯದು ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಈ ಮಿಷನ್ ಬಂದದ್ದೇ ಎಪ್ಪತ್ತರ ದಶಕದ ಕೊನೆಗೆ. ಅಂದರೆ 1979ರ ಮಾರ್ಚ್ ಎಂದೆ. ‘ದೊಡ್ಡವಳು ಹುಟ್ಟಿದ ವರ್ಷ’ ಎಂದರು ಅವರು, ಪಕ್ಕದಲ್ಲಿ ಕೂತಿದ್ದ ಮಗಳ ಕಡೆ ನೋಡಿ.

ಅವಳಷ್ಟೇ ವಯಸ್ಸಿನ ಮಿಷನ್ನು ಅದು! ಒಳಗೆ ಪುಟ್ಟ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸರ್ಕ್ಯೂಟು ಆ ಎಣಿಕೆಯನ್ನು ಅರ್ಧ, ಅರ್ಧದಲ್ಲಿ ಅರ್ಧ ಎಂದು ಹದಿನೈದು ಸಲ ಒಡೆದರೆ ಉಳಿಯುವುದು ಸೆಕೆಂಡಿಗೆ ಒಂದೇ ಮಿಡಿತ. ಆ ಮಿಡಿತಕ್ಕೆ ಮುಳ್ಳು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇಷ್ಟು ಕಾಲ ಕಳೆದರೂ ಹರಳು ಲೆಕ್ಕ ತಪ್ಪಿರಲಿಲ್ಲ. ನನಗೆ ಇವತ್ತಿಗೂ ಇದು ಮೈ ಜುಮ್ಮೆನ್ನಿಸುವ ವಿಷಯ.

ಟೀಚರು ಕೇಳಿದ್ದು ಒಂದೇ. ಮೊದಲಿದ್ದ ಹಾಗೇ ಪಟ್ಟೆ ಕೊಯ್ದ ಗ್ಲಾಸು ಬೇಕು. ಸುತ್ತಲ ಅಂಚನ್ನು ಹರಳಿನಂತೆ ಇಳಿಜಾರಾಗಿ ತಾಸಿದ ಗಾಜು, ಕೈ ತಿರುಗಿಸಿದಾಗ ಬೆಳಕು ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ‘ಅವರು ಅನ್ನಕ್ಕೆ ಕೈ ಹಾಕಿದರೆ ಗೋಡೆಯ ಮೇಲೆ ಬೆಳಕು ಓಡುತ್ತಿತ್ತು’ ಎಂದರು. ಚಪ್ಪಟೆ ಗಾಜು ಹಾಕಿದರೂ ವಾಚು ನಡೆಯುತ್ತದೆ, ನಿಜ. ಆದರೆ ಅವರ ಹಟವೇ ಸರಿ ಎನ್ನಿಸಿತು. ವಾಚನ್ನು ನೋಡುವವರಿಗೆ ಎದುರಾಗುವ ಮುಖವೇ ಗ್ಲಾಸು. ಅದನ್ನು ಬದಲಿಸಿದರೆ ಗುರುತೇ ಬದಲಾಗುತ್ತದೆ.

ಚೂರುಗಳನ್ನು ಜೋಡಿಸಿ ಅಳೆದರೆ ನಂಬುವಂಥ ಅಳತೆ ಸಿಗದು. ಹಾಗಾಗಿ ಗ್ಲಾಸು ಕೂರುವ ಕೇಸಿನ ಗುಂಡಿಯನ್ನೇ ವರ್ನಿಯರ್ ಹಿಡಿದು ಅಳೆದೆ. 31.5 ಮಿ.ಮೀ. ಗಾಜಿಗೂ ಕೇಸಿಗೂ ನಡುವೆ ನೈಲಾನ್ ರಿಂಗು, ದಪ್ಪ ಅರ್ಧ ಮಿ.ಮೀ. ಎರಡೂ ಬದಿ ಕಳೆದರೆ ಬೇಕಾದ ಗಾಜು 30.5. ಇಲ್ಲಿ ಹತ್ತನೇ ಒಂದು ಮಿಲಿಮೀಟರಿನ ಆಟ. ಅಷ್ಟು ಚಿಕ್ಕದಾದರೆ ರಿಂಗು ಹಿಡಿಯುವುದಿಲ್ಲ, ಬೆವರು ಒಳಗಿಳಿಯುತ್ತದೆ. ಅಷ್ಟು ದೊಡ್ಡದಾದರೆ ಪ್ರೆಸ್ಸಿನಲ್ಲಿ ಒತ್ತುವಾಗ ಅಂಚು ಚಿಟಿಲ್ಲೆಂದು ಹಾರುತ್ತದೆ. ಪ್ಲಾಸ್ಟಿಕ್ ಗ್ಲಾಸಾದರೆ ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತದೆ, ಗೀರು ಬಿದ್ದರೆ ಉಜ್ಜಿ ಹೊಳಪು ತರಬಹುದು. ಗಟ್ಟಿ ಮಿನರಲ್ ಗಾಜಿಗೆ ಆ ದಾಕ್ಷಿಣ್ಯ ಇಲ್ಲ.

ಮಂಗಳೂರಿನಲ್ಲಿ ಸಿಗಲಿಲ್ಲ. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಚಿಕ್ಕಪೇಟೆ ಕಡೆ ವಾಚಿನ ಬಿಡಿಭಾಗಗಳ ಅಂಗಡಿಗಳನ್ನು ಹೊಕ್ಕೆ. ಎಲ್ಲರೂ ಎಳೆದು ತೋರಿಸಿದ್ದು ಎಚ್‌ಎಂಟಿಯ ಡ್ರಾಯರುಗಳನ್ನೇ: ಜನತಾ, ಪೈಲಟ್, ಸೋನಾ, ಕಾಂಚನ್. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಹೊರಟ ಎಚ್‌ಎಂಟಿಗೆ ಇಲ್ಲಿ ಗ್ಲಾಸಿನ ಬರ ಇವತ್ತಿಗೂ ಇಲ್ಲ. ಕೀಲಿ ಕೊಡುವ ವಾಚನ್ನು ಜನ ರಿಪೇರಿ ಮಾಡಿಸುತ್ತಲೇ ಬಂದರು, ಅಂಗಡಿಯವರೂ ಗ್ಲಾಸು ತರಿಸಿಟ್ಟರು. ಕ್ವಾರ್ಟ್ಜಿನ ಕತೆ ಬೇರೆ. 1969ರ ಡಿಸೆಂಬರ್ 25ರಂದು ಟೋಕಿಯೋದಲ್ಲಿ ಸೀಕೊ ತನ್ನ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಆಸ್ಟ್ರಾನನ್ನು ಮಾರಾಟಕ್ಕಿಟ್ಟಾಗ ಬೆಲೆ 4,50,000 ಯೆನ್. ಹತ್ತೇ ವರ್ಷದಲ್ಲಿ ಕ್ವಾರ್ಟ್ಜ್ ಕುವೈತಿನ ಕೂಲಿಯ ಕೈಗೂ ಬಂತು. ಆಮೇಲೆ ಎಷ್ಟು ಅಗ್ಗವಾಯಿತೆಂದರೆ, ಗ್ಲಾಸು ಒಡೆದರೆ ವಾಚನ್ನೇ ಎಸೆದು ಹೊಸದು ಕೊಳ್ಳುವುದು ರೂಢಿಯಾಯಿತು. ಕೇಳುವವರೇ ಇಲ್ಲದ ಗಾಜನ್ನು ಯಾರು ಇಟ್ಟುಕೊಳ್ಳುತ್ತಾರೆ?

ಕೊನೆಗೆ ಒಂದು ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಒಬ್ಬ ಹಿರಿಯರು ಕೇಸನ್ನು ಕೈಗೆ ತೆಗೆದುಕೊಂಡರು. ನಾನು ಅಳತೆ ಹೇಳಿದರೂ ತಾವೇ ಇನ್ನೊಮ್ಮೆ ಅಳೆದರು, ಬೇರೆ ಬೇರೆ ಕಡೆ ತಿರುಗಿಸಿ ತಿರುಗಿಸಿ. ಹಳೇ ಕೇಸು ಪೆಟ್ಟು ತಿಂದು ಕೋಳಿಮೊಟ್ಟೆಯಾಗಿದ್ದರೆ ಯಾವ ಗಾಜೂ ನಿಲ್ಲದು ಎಂದರು. ಆಮೇಲೆ ಕೇಳಿದರು: ‘ಕ್ವಾರ್ಟ್ಜಿನದ್ದೇ ಯಾಕೆ ಹುಡುಕ್ತೀರಿ? ಆಟೋಮ್ಯಾಟಿಕ್‌ದು ನೋಡೋಣ.’

ಆ ಮಾತಿಗೆ ಕಣ್ಣು ತೆರೆದಂತಾಯಿತು. ಕಂಪನಿಗೆ ಒಂದೇ ಗಾಜು ಹಲವು ಕೇಸುಗಳಿಗೆ ಬರುತ್ತದೆ. ಒಳಗೆ ಇರುವುದು ಸೆಲ್ಲೋ ಸ್ಪ್ರಿಂಗೋ ಎಂಬುದು ಗಾಜಿಗೆ ಬೇಕಿಲ್ಲ. ಬಿಸ್ಕತ್ತಿನ ಡಬ್ಬಿಯಿಂದ ಹಳದಿಗಟ್ಟಿದ ಕಾಗದದ ಪೊಟ್ಟಣಗಳನ್ನು ಒಂದೊಂದೇ ತೆಗೆದು ಅವರು ನಂಬರು ಓದುತ್ತಾ ಹೋದರು. ಸೀಕೊ ಗ್ಲಾಸಿನ ನಂಬರಿನಲ್ಲಿ ಮೊದಲ ಮೂರು ಅಂಕಿ ವ್ಯಾಸ. 295, 300, 310... 305 ಬಂದಾಗ ಪೊಟ್ಟಣ ಬಿಚ್ಚಿದರು. ಪಟ್ಟೆ ಕೊಯ್ದ ಗಾಜೇ!

ಅಷ್ಟಕ್ಕೇ ಮುಗಿಯಲಿಲ್ಲ. ಗಾಜಿನ ತಳ ಒಳಗೆ ಎಷ್ಟು ಇಳಿಯುತ್ತದೆ ಎಂಬುದು ಮುಖ್ಯ. ಸೆಕೆಂಡಿನ ಮುಳ್ಳು ತುದಿಯಲ್ಲಿ ಗಾಜಿಗೆ ಕೂದಲೆಳೆಯಷ್ಟು ತಗುಲಿದರೂ ಕ್ವಾರ್ಟ್ಜ್ ಮೋಟಾರಿನ ಅಲ್ಪ ಬಲಕ್ಕೆ ಅದನ್ನು ತಳ್ಳಲಾಗದು, ವಾಚು ನಿಲ್ಲುತ್ತದೆ. ಮಂಗಳೂರಿಗೆ ಬಂದು ಗಾಜನ್ನು ಸುಮ್ಮನೆ ಮೇಲಿಟ್ಟು, ಕೇಸನ್ನು ಅಡ್ಡ ಹಿಡಿದು ಐಗ್ಲಾಸಿನಲ್ಲಿ ನೋಡಿದೆ. ನಡುವೆ ಬೆಳಕಿನ ಗೆರೆ ಕಂಡಿತು. ಹೊಸ ರಿಂಗು ಕೂರಿಸಿದೆ. ಆಮೇಲೆ ದಿಕ್ಕು. ಪಟ್ಟೆಯ ಗೆರೆ ಮೂರು ಗಂಟೆಯ ಕಿಟಕಿಯ ಮೇಲೆ ಬಿದ್ದರೆ ತಾರೀಖು ಎರಡೆರಡಾಗಿ ಕಾಣುತ್ತದೆ. ಗಲ್ಫ್ ಕಡೆಗೆಂದು ಮಾಡಿದ ವಾಚು, ವಾರದ ಹೆಸರು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಬರುತ್ತದೆ. ಎರಡೂ ಸ್ಪಷ್ಟವಾಗಿ ಕಾಣುವವರೆಗೆ ಗಾಜನ್ನು ಬೆರಳ ತುದಿಯಲ್ಲಿ ತಿರುಗಿಸಿ, ಉಸಿರು ಬಿಗಿಹಿಡಿದು ಪ್ರೆಸ್ಸು ಇಳಿಸಿದೆ. ಟಪ್ಪೆಂದು ಕೂತಿತು.

ಟೀಚರು ಬಂದು ವಾಚನ್ನು ಕಿಟಕಿಯ ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಗಾಜಿನ ಬಗ್ಗೆ ಏನೂ ಹೇಳಲಿಲ್ಲ. ವಾರವನ್ನು ಅರಬ್ಬಿಗೆ ಇಡಿ, ಅವರು ಹಾಗೇ ಇಡುತ್ತಿದ್ದರು ಎಂದರು. ಇಟ್ಟುಕೊಟ್ಟೆ. ದುಬೈಗೆ ಕೆಲಸಕ್ಕೆ ಹೊರಟಿದ್ದ ಮೊಮ್ಮಗನಿಗೆ ಕೊಡುವುದಂತೆ. ಹಾಗಾದರೆ ಅವನಿಗೆ ಹೇಳಿ, ಸೆಲ್ ಮುಗಿದ ದಿನವೇ ತೆಗೆಸಬೇಕು, ಒಳಗೇ ಬಿಟ್ಟರೆ ಸೋರಿ ಸರ್ಕ್ಯೂಟನ್ನು ತಿನ್ನುತ್ತದೆ, ಆ ಸರ್ಕ್ಯೂಟು ಈ ಗಾಜಿಗಿಂತ ಕಷ್ಟ ಎಂದೆ. ಅವರು ಪೆನ್ನು ಕೇಳಿ ಅದನ್ನು ಬರೆದುಕೊಂಡರು.